ಕಿಟಕಿ ಮುಚ್ಚೇ ಇತ್ತು

3, ಸೋಮವಾರ

ಅಂಗಡಿಗೆ ಬೀಗ ಹಾಕಿದವಳು ಮತ್ತೆ ವಾಪಸ್ ಹೋದೆ. ಇಸ್ತ್ರಿ ಪೆಟ್ಟಿಗೆ ಆಫೇ ಇತ್ತು. ಮೂರನೇ ಸಲ ನೋಡಿದ್ದು. ಎದುರಿನ ಚಪ್ಪಲಿ ರಿಪೇರಿಯವನು ನಕ್ಕ. ನಗಲಿ. ಹೊತ್ತಿಕೊಂಡ್ರೆ ಆರಿಸೋಕೆ ಅವನು ಬರ್ತಾನಾ?

ಅಕ್ಕ ಆಸ್ಪತ್ರೆ ಸೇರಿ ಒಂಬತ್ತು ದಿನ. ಅವಳ ಹೊಲಿಗೆ ಮಿಷನ್ ಮೇಲೆ ಬಟ್ಟೆ ಮುಚ್ಚಿದೀನಿ. ಅದನ್ನ ತುಳೀತಾ ತುಳೀತಾ ದೇವರ ಹತ್ರ ಮಾತಾಡೋಳು, ಪಕ್ಕದ ಮನೆಯವರ ಹತ್ರ ಆಡಿದ ಹಾಗೆ. ತಟಕ್ಕನೆ ನಿಲ್ಲಿಸಿ, ಕೇಳಿಸ್ಕೊಂಡು, ನಕ್ಕುಬಿಡೋಳು. ನನಗೆ ಹೊಟ್ಟೆಕಿಚ್ಚು. ಇಷ್ಟು ವರ್ಷ ಕೈ ಮುಗಿದೆ, ನನಗೆ ಒಂದು ಮಾತೂ ಇಲ್ಲ. ಐದನೇ ಕ್ಲಾಸು ಅರ್ಧಕ್ಕೆ ಬಿಟ್ಟವಳು ನಾನು... ನಾನು ಕೇಳೋ ರೀತಿ ಸರಿಯಿಲ್ಲವೇನೋ.

5, ಬುಧವಾರ

ಡಾಕ್ಟರು ಹೊರಗೆ ಕರೆದು ಹೇಳಿದ್ರು. ಇನ್ನು ಕೆಲವು ದಿನ, ಅಷ್ಟೆ. ಅಕ್ಕನಿಗೆ ಗೊತ್ತು. ಅವಳ ಭಯ ಬೇರೆ. ಇಲ್ಲಿಗೆ ಬಂದಾಗಿಂದ ದೇವರ ದನಿಯೇ ಇಲ್ವಂತೆ. ಒಬ್ಬಳೇ ಹೇಗೆ ಹೋಗಲಿ ಅಂತಾಳೆ. "ನೀನಾದ್ರೂ ಕೇಳಿ ನೋಡೇ," ಅಂದ್ಲು. ನಾನಂತೆ.

6, ಗುರುವಾರ

ಸುಳ್ಳು ಹೇಳಿದೆ. ಬೆಳಿಗ್ಗೆ ಕೇಳಿಸ್ತು ಕಣಕ್ಕ, ಹೆದರಬೇಡ ಮಗಳೇ ಅಂತ ನಿನಗೆ ಹೇಳೋಕೆ ಹೇಳಿದ, ಅಂದೆ.

ನನ್ನ ಮುಖಾನೇ ನೋಡಿದ್ಲು. ಆಮೇಲೆ ನಕ್ಕಳು, ಕೆಮ್ಮು ಬರೋವರೆಗೂ.

"ನನ್ನ ಯಾವತ್ತೇ ಮಗಳೇ ಅಂದಿದಾನೆ ಅವನು? ಮೊಂಡಿ ಅಂತಾನೆ. ಬೈದೇ ಮಾತಾಡ್ಸೋದು."

ತಲೆ ಎತ್ತೋಕಾಗಲಿಲ್ಲ. ನನ್ನ ಹತ್ರ ಅವನು ಮಾತೇ ಆಡಲ್ಲ ಅಂದೆ.

"ನಿನ್ನ ಹತ್ರ ಆಡಿ ಏನು ಮಾಡ್ತಾನೆ? ಇನ್ನೊಂದು ಸಲ ಹೇಳು ಅಂತೀಯ. ಅದಕ್ಕೇ ನಿನ್ನ ವಾಪಸ್ ಕಳಿಸ್ತಾನೆ. ಬೀಗಕ್ಕೆ, ಒಲೆಗೆ, ಇಸ್ತ್ರಿಗೆ."

ಅದು ನನ್ನ ರೋಗ ಅಂದೆ. ಗೋಡೆ ಕಡೆ ತಿರುಗಿದ್ಲು.

8, ಶನಿವಾರ

ನಾಲ್ಕೂವರೆಗೆ ಅಕ್ಕನಿಗೆ ನಿದ್ದೆ ಹತ್ತಿತು. ಬಸ್ ಸ್ಟಾಪಿಗೆ ಬಂದೆ. ಬಸ್ಸೂ ಬಂತು. ಒಂದು ಕಾಲು ಇಟ್ಟೆ — ಮಂಚದ ಪಕ್ಕದ ಕಿಟಕಿ ಮುಚ್ಚಿದ್ನಾ? ಇಳಿದೆ. ಕಂಡಕ್ಟರ್ ಬೈದ.

ಕಿಟಕಿ ಮುಚ್ಚೇ ಇತ್ತು. ಅಕ್ಕನ ಕಣ್ಣು ತೆರೆದಿತ್ತು. ಉಸಿರು ಬೇರೆ ಥರ. ಕೈ ಹಿಡ್ಕೊಂಡೆ.

"ಕಳಿಸಿದ್ನಾ?" ಅಂದ್ಲು.

ಬಿಗಿಯಾಗಿ ಹಿಡಿದಿದ್ಲು. ಆಮೇಲೆ ನಾನೊಬ್ಬಳೇ ಹಿಡಿದಿದ್ದೆ.

ಹೇಗೆ ಗೊತ್ತಾಯ್ತು ನಿಮಗೆ ಅಂತ ನರ್ಸಮ್ಮ ಕೇಳಿದ್ರು. ಕಿಟಕಿ ನೋಡೋಕೆ ಬಂದೆ ಅಂದೆ.

29, ಶನಿವಾರ

ಮೂರು ವಾರ. ಬೀಗ ಹಾಕ್ತೀನಿ, ಹೊರಡ್ತೀನಿ. ವಾಪಸ್ ಹೋಗಬೇಕು ಅಂತ ಒಂದು ಸಲಾನೂ ಅನ್ನಿಸಿಲ್ಲ. ಯಾಕಮ್ಮ, ಇಸ್ತ್ರಿ ನೋಡಲ್ವಾ ಅಂತ ಚಪ್ಪಲಿಯವನೇ ಕೇಳಿದ. ನಗಲಿಲ್ಲ.

ರೋಗ ಬಿಟ್ಟಿತಲ್ಲ, ಒಳ್ಳೇದಾಯ್ತು ಅಂತಾರೆ. ಎದೆ ಖಾಲಿ. ದನಿ ನಿಂತಾಗ ಅಕ್ಕನಿಗೂ ಹೀಗೇ ಆಗಿತ್ತೇನೋ. ಸ್ಟಾಪಲ್ಲಿ ಎರಡು ಬಸ್ಸು ಬಿಟ್ಟು ಕಾದೆ. ಏನೂ ಇಲ್ಲ.

30, ಭಾನುವಾರ, ಮಧ್ಯಾಹ್ನ

ರಜ. ಆದ್ರೂ ಬೆಳಿಗ್ಗೆ ಅಂಗಡಿಗೆ ಹೋಗಿ ಅಕ್ಕನ ಮಿಷನ್‌ಗೆ ಎಣ್ಣೆ ಬಿಟ್ಟೆ. ಸ್ವಲ್ಪ ತುಳಿದೆ. ಅತ್ತುಬಿಟ್ಟೆ. ಮತ್ತೆ ಬಟ್ಟೆ ಮುಚ್ಚಿ ಬಂದೆ.

ಮುಚ್ಚಿದೆ ಅಲ್ವಾ... ಎಣ್ಣೆ ಬಿಡೋವಾಗ ಬಟ್ಟೆ ಮಡಚಿ ಇಸ್ತ್ರಿ ಮೇಜಿನ ಮೇಲಿಟ್ಟಿದ್ದೆ. ಅಲ್ಲೇ ಬಿಟ್ನಾ? ಅವಳ ಸೂಜಿಗೆ ಧೂಳು ಕೂತ್ರೆ...

ಮತ್ತೆ ಕಳಿಸ್ತಿದೀಯಾ? ಬಂದೆ, ಇರಪ್ಪ. ಚಪ್ಪಲಿ ಮೆಟ್ಕೊಂಡು ಬ—