ಅವ್ವ ಮಸಾಜ್ ಮಾಡಿಸಿಕೊಂಡ ದಿನ

ಗುಗೈ, ಸೇಲಂ
ಬುಧವಾರ ಮಧ್ಯಾಹ್ನ

ನನ್ನ ಪ್ರೀತಿಯ ಅಣ್ಣಾ,

ನಿನ್ನೆ ನೀನು ಫೋನ್ ಮಾಡಿದಾಗ ನಾನು ಎಣ್ಣೆಯ ಬಟ್ಟಲುಗಳನ್ನು ತೊಳೆಯುತ್ತಿದ್ದೆ. ಯುಗಾದಿಯ ನಂತರ ಮೊದಲ ಸಲ ನಿನ್ನ ಹೆಸರು ನನ್ನ ಫೋನಿನಲ್ಲಿ ಕಂಡಿತು. ಸೋಪಿನ ಕೈಯಲ್ಲೇ ಎತ್ತಿಕೊಂಡೆ. "ಪಾಪಾ, ಸೊಂಟ ಇಡ್ಕಂಡೈತೆ. ಡಾಕ್ಟ್ರು ಎಕ್ಸ್‌ರೇ ಎಲ್ಲಾ ತೆಗ್ದು ನೋಡ್ದ್ರು. ಎಲುಬು ಚೆನ್ನಾಗೈತೆ, ಮಸಾಜ್ ಮಾಡ್ಸ್ಕೋ ಅಂದವ್ರೆ. ಅಲ್ಲಿ… ಏನ್ ಮಾಡ್ತಾರೆ?" ಎಂದು ನೀನು ಕೇಳಿದೆ. ನಾನು ಬಾಯಿ ತೆರೆಯುವಷ್ಟರಲ್ಲಿ "ಸರಿ ಸರಿ, ಲೋಡ್ ಏರ್ತಾ ಐತೆ" ಎಂದು ನೀನು ಫೋನ್ ಇಟ್ಟೇಬಿಟ್ಟೆ. ಶಂಕಗಿರಿಯ ಲಾರಿ ಶೆಡ್ಡಿನಲ್ಲಿ ನಿಂತು, ಪಕ್ಕದವರಿಗೆ ಕೇಳಿಸದ ಹಾಗೆ ನೀನು ಅಷ್ಟು ಮಾತಾಡಿದ್ದೇ ದೊಡ್ಡದು ಅಂತ ನನಗೆ ಗೊತ್ತು.

ಮತ್ತೆ ಫೋನ್ ಮಾಡಿ ಹೇಳಿದರೆ ನೀನು ಅರ್ಧಕ್ಕೇ ತಡೆಯುತ್ತೀಯ. ಅದಕ್ಕೆ ಕಾಗದ. ಮನೆಮಾತು ಕನ್ನಡವಾದರೂ ಸ್ಕೂಲಿನಲ್ಲಿ ನಾವಿಬ್ಬರೂ ಓದಿದ್ದು ತಮಿಳು. ಕನ್ನಡದ ಅಕ್ಷರವನ್ನು ನೀನು ಹುಬ್ಬಳ್ಳಿಗೆ ಲಾರಿ ಓಡಿಸುವಾಗ ದಾರಿಯ ಬೋರ್ಡುಗಳನ್ನು ನೋಡಿ ಕಲಿತೆ. ಮನೆಗೆ ಬಂದಾಗ ಸೀಮೆಸುಣ್ಣದಲ್ಲಿ ನೆಲದ ಮೇಲೆ ಬರೆದು ನನಗೂ ಕಲಿಸಿದೆ. ಮೈಸೂರಿಗೆ ಮಸಾಜ್ ತರಬೇತಿಗೆ ಹೋದಾಗ ಅದೇ ನನ್ನ ಕೈ ಹಿಡಿಯಿತು. ಪುಸ್ತಕದ ಭಾಷೆಯಲ್ಲಿ ಬರೆಯುತ್ತಾಳೆ ಅಂತ ನಗಬೇಡ.

ಯುಗಾದಿ ಊಟದ ದಿನ ನೀನು ಅಂದದ್ದನ್ನು ನಾನು ಮನಸ್ಸಿನಲ್ಲಿ ಇಟ್ಟುಕೊಂಡಿಲ್ಲ. "ಕಂಡೋರ ಮೈ ಒತ್ತೋದು ಒಂದು ಕೆಲ್ಸಾನಾ? ಶೆಡ್ಡಲ್ಲಿ ನನ್ನ ಮೂತಿ ನೋಡಿ ನಗ್ತಾರೆ" ಎಂದು ಅರ್ಧ ಹೋಳಿಗೆ ಎಲೆಯಲ್ಲೇ ಬಿಟ್ಟು ಎದ್ದೆ. ಬಾಗಿಲ ತನಕ ಹೋಗಿ ಒಂದು ಸಲ ತಿರುಗಿ ನೋಡಿದೆಯಲ್ಲ, ಆಗ ನಿನ್ನ ಮುಖದಲ್ಲಿ ಕೋಪಕ್ಕಿಂತ ಭಯವೇ ಹೆಚ್ಚಿತ್ತು. ಮಸಾಜ್ ಎಂದರೆ ಪೇಪರಿನಲ್ಲಿ ಬರುವುದು ಪೊಲೀಸರು, ಮುಖಕ್ಕೆ ಸೆರಗು ಮುಚ್ಚಿಕೊಂಡ ಹೆಂಗಸರು. ಆ ಫೋಟೋದೊಳಗೆ ನಿನ್ನ ತಂಗಿಯನ್ನು ನಿಲ್ಲಿಸಿ ನೋಡಿ ನೀನು ಹೆದರಿದೆ. ಹೆದರಿದ್ದಕ್ಕೆ ನಾನು ಹೇಗೆ ಸಿಟ್ಟಾಗಲಿ?

ಅವತ್ತು ಅವ್ವ ನೀನು ಬಿಟ್ಟ ಎಲೆಯನ್ನು ಎತ್ತಿ ಹಾಕಿದಳು. ನಾಲ್ಕು ದಿನ ಮಗ್ಗ ತುಳಿದಳು. ಆಮೇಲೆ ಒಂದು ಬೆಳಿಗ್ಗೆ, ನಾನು ಕೆಲಸಕ್ಕೆ ಹೊರಟಾಗ, ಚಪ್ಪಲಿ ಹಾಕಿಕೊಂಡು ನನ್ನ ಮುಂದೆಯೇ ಬಂದು ನಿಂತಳು. "ನಾನೇ ಬಂದು ನೋಡ್ತೀನಿ. ಚೆಂದಾಗಿದ್ರೆ ಸರಿ. ಇಲ್ಲಾಂದ್ರೆ ಅಲ್ಲಿಂದ್ಲೇ ನಿನ್ನ ಕೈ ಇಡ್ಕಂಡು ಕರ್ಕಂಡು ಬಂದ್ಬುಡ್ತೀನಿ" ಎಂದಳು. ಬಸ್ಸಿನಲ್ಲಿ, ನಾನು ಕೆಲಸ ಮಾಡುವ ಜಾಗವಿರುವ ಫೇರ್‌ಲ್ಯಾಂಡ್ಸ್ ಬರುವ ತನಕ ಟಿಕೆಟ್ಟನ್ನು ಮಡಚುತ್ತ ಬಿಚ್ಚುತ್ತ ಕುಳಿತಿದ್ದೆ. ಅವ್ವ ಬೇಡ ಎಂದರೆ ನಾನು ಬಿಡಲೇಬೇಕಾಗಿತ್ತು, ಅಣ್ಣಾ. ಎಷ್ಟು ಇಷ್ಟಪಟ್ಟು ಕಲಿತ ಕೆಲಸ ಅದು ಎಂದು ಯಾರಿಗೂ ಹೇಳಿರಲಿಲ್ಲ.

ಅವ್ವ ಪೊಲೀಸಿನ ಹಾಗೆ ಒಳಗೆ ಬಂದಳು. ಪರದೆ ಸರಿಸಿ ನೋಡಿದಳು, ಎಣ್ಣೆ ಮೂಸಿದಳು, ಮಸಾಜಿಗೆ ಮಲಗಿಸುವ ಮೇಜಿನ ಮೇಲಿನ ಬಟ್ಟೆ ಒಗೆದದ್ದೋ ಎಂದು ಬೆರಳಲ್ಲಿ ಹಿಡಿದು ನೋಡಿದಳು. ಗಂಡಸರ ಕೋಣೆ ಎಲ್ಲಿ ಎಂದು ಕೇಳಿದಳು. ಆಚೆ ಬದಿಯಲ್ಲಿದೆ, ಅಲ್ಲಿ ಇಳಂಗೋ ಎಂಬ ಗಂಡಸು ನೋಡಿಕೊಳ್ಳುತ್ತಾನೆ, ಈ ಬದಿಯಲ್ಲಿ ಹೆಂಗಸರಿಗೆ ಹೆಂಗಸರೇ ಎಂದೆ. ಅದನ್ನೂ ಹೋಗಿ ನೋಡಿ ಬಂದಳು. ಜಾಗ ನಡೆಸುವ ಕಲೈವಾಣಿ ಅಕ್ಕ ನಗುತ್ತ ಕುರ್ಚಿ ಕೊಟ್ಟು, "ಬಂದದ್ದೇ ಬಂದಿರಿ, ನೀವೂ ಮಾಡಿಸಿಕೊಳ್ಳಿ ಅಮ್ಮಾ" ಎಂದು ತಮಿಳಿನಲ್ಲಿ ಹೇಳಿದರು. ಅವ್ವನ ಬಲಭುಜ ಎಷ್ಟು ವರ್ಷದಿಂದ ಹಿಡಿದುಕೊಂಡಿದೆ ಎಂದು ನಿನಗೆ ಗೊತ್ತಲ್ಲ. ತಲೆ ಬಾಚಲೂ ಪಕ್ಕದ ಮನೆ ಗುಂಡಮ್ಮನನ್ನು ಕರೆಯುತ್ತಿದ್ದಳು. ಬೇಡ ಬೇಡ ಎನ್ನುತ್ತಲೇ ಒಪ್ಪಿದಳು.

ನಮ್ಮಲ್ಲಿ ಯಾರೂ ಬಂದ ತಕ್ಷಣ ಎಣ್ಣೆ ಹಚ್ಚುವುದಿಲ್ಲ. ಮೊದಲು ಕೂರಿಸಿ ಕೇಳುತ್ತೇವೆ. ಬಿಪಿ ಇದೆಯಾ, ಷುಗರ್ ಇದೆಯಾ, ಎಲ್ಲಾದರೂ ಆಪರೇಷನ್ ಆಗಿದೆಯಾ, ಊತ, ಗಾಯ, ಜ್ವರ ಏನಾದರೂ ಇದೆಯಾ, ಎಲ್ಲಿ ಮುಟ್ಟಬಾರದು. "ಷುಗರ್ ಐತೆ. ಮಾತ್ರೆ ತಿಂತೀನಿ. ಇನ್ನೇನೂ ಇಲ್ಲ" ಎಂದಳು ಅವ್ವ. ಷುಗರ್ ಎಂದ ಮೇಲೆ ಪಾದ ನೋಡದೆ ಮುಂದೆ ಹೋಗುವಂತಿಲ್ಲ. ನಾನು ನೆಲದ ಮೇಲೆ ಕುಳಿತು ಅವಳ ಪಾದವನ್ನು ಮಡಿಲಿಗೆ ತೆಗೆದುಕೊಂಡೆ. ಬಲಗಾಲ ಹೆಬ್ಬೆರಳಿನ ಕೆಳಗೆ, ಮಗ್ಗ ತುಳಿದು ತುಳಿದು ದಪ್ಪಗಾದ ಚರ್ಮದ ನಡುವೆ, ಒಂದು ಗಾಯ. ಒಳಗೆ ಕೀವು ಕಟ್ಟಿತ್ತು. "ಅವ್ವಾ, ಇದು ಯಾವಾಗಿಂದ?" ಎಂದೆ. "ಯಾವ್ದು?" ಎಂದಳು. ಅವಳಿಗೆ ಗೊತ್ತೇ ಇರಲಿಲ್ಲ. ನೋವೇ ತಿಳಿಯುತ್ತಿರಲಿಲ್ಲ.

ಕಲೈವಾಣಿ ಅಕ್ಕ ಬಂದು ನೋಡಿ, ಇವತ್ತು ಮಸಾಜ್ ಇಲ್ಲ, ಮೊದಲು ಡಾಕ್ಟರು ಎಂದರು. ಅವ್ವನಿಗೆ ಆಶ್ಚರ್ಯ. "ಬಂದೋರ್ನ ಬ್ಯಾಡ ಅಂತಾನೂ ಕಳಿಸ್ತಾರಾ ಇಲ್ಲಿ?" ಎಂದು ಆಟೋದಲ್ಲಿ ಕುಳಿತ ಮೇಲೂ ಕೇಳುತ್ತಿದ್ದಳು. ಡಾಕ್ಟರು ಕೀವು ತೆಗೆದು ಕಟ್ಟು ಕಟ್ಟಿದರು. ಇನ್ನೂ ಬಿಟ್ಟಿದ್ದರೆ ಬೆರಳು ಹೋಗುತ್ತಿತ್ತು, ಸರಿಯಾದ ಸಮಯಕ್ಕೆ ಬಂದಿರಿ ಎಂದರು. ನೀನಾಗ ಪುಣೆ ಲೋಡಿನಲ್ಲಿದ್ದೆ. ಅವನು ವಂಡಿ ಓಡಿಸುತ್ತಿರುತ್ತಾನೆ, ಹೆದರಿಸಬೇಡ ಎಂದು ಅವ್ವ ನನ್ನಿಂದ ಮಾತು ತೆಗೆದುಕೊಂಡಳು. ಆಮೇಲೆ ಅವ್ವ ನಿನಗೆ 'ಕಾಲಿಗೆ ಏನೋ ಚುಚ್ಚಿತ್ತು' ಎಂದದ್ದು ಇದೇ ಸಂಗತಿ. ಈಗ ಪೂರ್ತಿ ವಾಸಿಯಾಗಿದೆ. ಎಲ್ಲವನ್ನೂ ಬರೆಯಲು ಅವ್ವನನ್ನು ಕೇಳಿಯೇ ಕುಳಿತಿದ್ದೇನೆ. ಮೇಜಿನ ಮೇಲೆ ಕಂಡದ್ದನ್ನು, ಕೇಳಿದ್ದನ್ನು ಹೊರಗೆ ಆಡುವುದು ನಮ್ಮಲ್ಲಿ ದೊಡ್ಡ ತಪ್ಪು. "ಅವ್ನಿಗಲ್ವಾ, ಬರಿ ಬರಿ" ಎಂದಳು.

ಗಾಯ ಮಾಗಿ, ಡಾಕ್ಟರು ಸರಿ ಎಂದ ಮೇಲೆ, ಆಷಾಢ ಬರುವ ಹೊತ್ತಿಗೆ, ಆಡಿ ತಿಂಗಳಲ್ಲಿ, ಅವ್ವ ತಾನಾಗಿಯೇ ಮತ್ತೆ ಬಂದಳು. ಯಾರು ಮಾಡಬೇಕು, ನಾನೋ ನಿಮ್ಮ ಮಗಳೋ ಎಂದು ಕಲೈವಾಣಿ ಅಕ್ಕ ಕೇಳಿದರು. "ಇವಳ್ನ ಎತ್ತೋಳು ನಾನು, ಇವಳ ಮುಂದೆ ಏನು ನಾಚ್ಕೆ?" ಎಂದವಳು ಕೋಣೆಯೊಳಗೆ ಬಂದ ಮೇಲೆ ಸೆರಗನ್ನು ಬಿಗಿಯಾಗಿ ಹಿಡಿದುಕೊಂಡು ನಿಂತೇ ಇದ್ದಳು. ಎಷ್ಟು ಬೇಕೋ ಅಷ್ಟು ಮಾತ್ರ ತೆಗೆದರೆ ಸಾಕು, ಮಲಗಿ ಈ ದುಪಟಿ ಹೊದ್ದುಕೋ, ನಾನು ಹೊರಗಿರುತ್ತೇನೆ ಎಂದು ಬಾಗಿಲು ಎಳೆದುಕೊಂಡೆ. ಸ್ವಲ್ಪ ಹೊತ್ತು ಬಿಟ್ಟು ತಟ್ಟಿ, "ಬರಲಾ ಅವ್ವಾ?" ಎಂದೆ. ಒಳಗಿಂದ ನಗು. "ಉಟ್ಟಿದಾಗ್ಲಿಂದ ಒಂದಿನಾನಾದ್ರೂ ನನ್ನ ಬಾಗ್ಲು ತಟ್ಟಿದ್ದೀಯೇನೇ ನೀನು!"

ಮುಖ ಇಡಲು ಮೇಜಿನ ತುದಿಯಲ್ಲಿ ಒಂದು ತೂತು ಇರುತ್ತದೆ, ಅಣ್ಣಾ. ಅದರಲ್ಲಿ ಮುಖವಿಟ್ಟು, "ನಿನ್ನ ಕಾಲ್‌ಬೆರಳು ಬಿಟ್ರೆ ಏನೂ ಕಾಣಾಕಿಲ್ಲ" ಎಂದಳು. ಯಾವ ಭಾಗಕ್ಕೆ ಕೈ ಹಾಕುತ್ತೇವೋ ಅಷ್ಟನ್ನೇ ತೆರೆಯುತ್ತೇವೆ, ಉಳಿದದ್ದೆಲ್ಲ ಮುಚ್ಚಿರುತ್ತದೆ. ಎಣ್ಣೆಯನ್ನು ಕೈಯಲ್ಲಿ ಬೆಚ್ಚಗೆ ಮಾಡಿಕೊಂಡು ಮೊದಲು ಸುಮ್ಮನೆ ಬೆನ್ನಿನ ಮೇಲೆ ಇಟ್ಟೆ. ಅವ್ವ ಬೆಚ್ಚಿದಳು. ಆಮೇಲೆ ನಿಧಾನಕ್ಕೆ ಒಂದು ಉಸಿರು ಬಿಟ್ಟಳು. ಬಲಭುಜದ ಕೆಳಗೆ ಹಗ್ಗದ ಗಂಟಿನ ಹಾಗೆ ಗಟ್ಟಿಯಾಗಿತ್ತು. ಒತ್ತಿ, "ನೋಯ್ತಾ?" ಎಂದೆ. "ಇಲ್ಲ, ಮಾಡು" ಎಂದಳು. ಆದರೆ ಉಸಿರು ಕಟ್ಟಿ ಹಿಡಿದಿದ್ದಳು, ಮುಷ್ಟಿ ಬಿಗಿದಿದ್ದಳು. ನಾನು ಕೈ ಹಗುರ ಮಾಡಿ, ನೋವು ತಡೆದುಕೊಳ್ಳಲು ಅಲ್ಲ ಇಲ್ಲಿಗೆ ಬರುವುದು, ಬಾಯಿ ಬಿಟ್ಟು ಹೇಳಬೇಕು ಎಂದೆ. ಅವ್ವ ಮುಷ್ಟಿ ಬಿಚ್ಚಿದಳು. ಆಮೇಲೆ ಚಿಕ್ಕ ಹುಡುಗಿಯ ಹಾಗೆ, "ಅಲ್ಲಿ ನೋಯ್ತದೆ. ಅದರ ಪಕ್ಕ ನೋಯಾಕಿಲ್ಲ. ಇನ್ನೊಂಚೂರು ಕೆಳಗೆ. ಆಂ… ಅಲ್ಲೇ" ಎಂದು ದಾರಿ ತೋರಿಸುತ್ತ ಹೋದಳು.

ನನ್ನ ಕೈಗೆ ಅವತ್ತು ಏನಾಯಿತೋ ಬರೆಯಲು ಬರುತ್ತಿಲ್ಲ. ಎಷ್ಟೋ ಬೆನ್ನುಗಳನ್ನು ನೋಡಿದ್ದೇನೆ. ನಮ್ಮಿಬ್ಬರಿಗೂ ಶನಿವಾರ ಶನಿವಾರ ಎಣ್ಣೆ ತಿಕ್ಕಿದವಳು ಅವ್ವ. ಅವಳ ಬೆನ್ನು ಹೇಗಿದೆ ಎಂದು ನನಗೆ ಗೊತ್ತಿರಲಿಲ್ಲ. ಸಣ್ಣ ಬೆನ್ನು ಅಣ್ಣಾ. ನನ್ನ ಎರಡು ಅಂಗೈ ಅಗಲ ಇಟ್ಟರೆ ಮುಗಿದೇ ಹೋಯಿತು.

ಮೊದಮೊದಲು ನೂಲಿನ ವಿಷಯ, ಗುಂಡಮ್ಮನ ಸೊಸೆಯ ವಿಷಯ ಮಾತಾಡುತ್ತಿದ್ದಳು. ಬಹಳ ಹೊತ್ತಾದ ಮೇಲೆ, ಆ ತೂತಿನೊಳಗಿಂದ, "ನಿಮ್ಮಪ್ಪ ಓದ್ಮ್ಯಾಲೆ ನನ್ನ ಬೆನ್ನ ಮ್ಯಾಲೆ ಇನ್ನೊಬ್ರು ಕೈ ಇಟ್ಟಿದ್ದು ಇವತ್ತೇ ಕಣಮ್ಮಿ" ಎಂದಳು. ಕೆಳಗೆ ನೆಲದ ಮೇಲೆ ಒಂದೆರಡು ಹನಿ ಬಿದ್ದದ್ದು ಕಂಡಿತು. ಮೇಜಿನ ಮೇಲೆ ಕೆಲವರಿಗೆ ಅಳು ಬರುತ್ತದೆ, ತಡೆಯಬೇಡಿ, ಯಾಕೆ ಎಂದು ಕೇಳಬೇಡಿ, ಕೈ ಮಾತ್ರ ತೆಗೆಯಬೇಡಿ ಎಂದು ನಮಗೆ ಕಲಿಸಿದ್ದಾರೆ. ನಾನು ಕೈ ತೆಗೆಯಲಿಲ್ಲ. ಸ್ವಲ್ಪ ಹೊತ್ತಿಗೆ ಅವ್ವ ಗೊರಕೆ ಹೊಡೆಯತೊಡಗಿದಳು. ಗಂಡಸರ ಕೋಣೆಗೂ ಕೇಳಿಸುವಷ್ಟು!

ಮುಗಿದ ಮೇಲೆ ಗಡಬಡಿಸಿ ಏಳಲು ಹೋದಳು. ತಲೆ ತಿರುಗುತ್ತದೆ, ಪಕ್ಕಕ್ಕೆ ಹೊರಳಿ ನಿಧಾನವಾಗಿ ಏಳು ಎಂದು ಕೂರಿಸಿ ನೀರು ಕೊಟ್ಟೆ. ಮಾರನೆಯ ದಿನ "ಮೈಯೆಲ್ಲಾ ಒಡ್ದಂಗೈತೆ, ಏನ್ ಮಾಡ್ದೇ ನೀನು" ಎಂದು ಬೈದಳು. ಅದೂ ಇರುತ್ತದೆ, ಒಂದು ದಿನ. ಅದರ ಮರುದಿನ ನಾನು ಕಾಫಿ ಹಿಡಿದು ಬಂದಾಗ ಕನ್ನಡಿಯ ಮುಂದೆ ನಿಂತು ತಾನೇ ತಲೆ ಬಾಚಿಕೊಳ್ಳುತ್ತಿದ್ದಳು. ಬಲಗೈ ಪೂರ್ತಿ ಮೇಲೆ ಹೋಗಿರಲಿಲ್ಲ, ಆದರೆ ಜಡೆ ತನಕ ಹೋಗಿತ್ತು. ಏನಾದರೂ ಹೇಳುತ್ತಾಳೆ ಎಂದು ಕಾದೆ. ನನಗೇನೂ ಹೇಳಲಿಲ್ಲ. ಆದರೆ ಬಾಚಲು ಬಂದ ಗುಂಡಮ್ಮನಿಗೆ ಬಾಗಿಲಲ್ಲಿ ನಿಂತು, ಇಡೀ ಬೀದಿಗೆ ಕೇಳಿಸುವ ಹಾಗೆ, "ನನ್ ಮಗ್ಳು ಕೆಲ್ಸ ಮಾಡೋ ತಾವ ಓಗಿದ್ದೆ. ಮರ್ಯಾದೆ ಇರೋ ಜಾಗ. ಬಾಗ್ಲು ತಟ್ಟಿ ಒಳಿಕ್ಕೆ ಬತ್ತಾರೆ!" ಎಂದಳು. ನಾನು ಅಡುಗೆಮನೆಗೆ ಹೋಗಿ ಒಬ್ಬಳೇ ಅತ್ತೆ, ಅಣ್ಣಾ. ಸಂತೋಷಕ್ಕೆ.

ನೀನು ಭಾನುವಾರ ಬಾ. ಬೆಳಿಗ್ಗೆ ಇಳಂಗೋ ಹತ್ತಿರ ನಿನಗೆ ಸಮಯ ಹಿಡಿದಿಟ್ಟಿದ್ದೇನೆ. ಮೆಟ್ಟೂರಿನ ಹುಡುಗ, ಮಾತು ಕಡಿಮೆ, ಕೈ ಒಳ್ಳೆಯದು. ಹೊಟ್ಟೆ ತುಂಬ ತಿಂದು ಬರಬೇಡ, ಎರಡು ಇಡ್ಲಿ ಸಾಕು. ಡಾಕ್ಟರ ಚೀಟಿ ತಾ. ಚಡ್ಡಿ ಹಾಕಿಕೊಂಡೇ ಮಲಗಬಹುದು, ಯಾರೂ ಏನೂ ಅನ್ನುವುದಿಲ್ಲ. ನೀನು ಹಲ್ಲು ಕಚ್ಚಿ ತಡೆಯುವವನು ಎಂದು ಅವನಿಗೆ ಮೊದಲೇ ಹೇಳಿದ್ದೇನೆ; ಆದರೂ ಜೋರಾದರೆ ಜೋರಾಯಿತು ಎನ್ನು, ಬೇಡ ಎನಿಸಿದರೆ ಎದ್ದು ಬಾ. ಮಾತಾಡಲೇಬೇಕೆಂದಿಲ್ಲ, ನಿದ್ದೆ ಬಂದರೆ ಮಲಗು. ಅವತ್ತು ವಂಡಿ ಎತ್ತಬೇಡ. ಅತ್ತಿಗೆಯನ್ನೂ ಕರೆದುಕೊಂಡು ಬಾ. ಒಂದೇ ದಿನದಲ್ಲಿ ಸೊಂಟ ಪೂರ್ತಿ ಸರಿಯಾಗುತ್ತದೆ ಎಂದು ನಾನು ಹೇಳುವುದಿಲ್ಲ, ಸುಳ್ಳಾಗುತ್ತದೆ.

ಇಳಂಗೋ ಕೆಲಸ ಮುಗಿದ ಮೇಲೆ ಮಾತ್ರ ನನಗೊಂದು ಸ್ವಲ್ಪ ಹೊತ್ತು ಕೊಡು. ಮುಂಭಾಗದ ಹಾಲ್‌ನಲ್ಲಿ ಕಿಟಕಿಯ ಪಕ್ಕ ಎರಡು ಕುರ್ಚಿಗಳಿವೆ. ಬೀದಿಯಲ್ಲಿ ಹೋಗುವವರಿಗೆಲ್ಲ ಕಾಣುವ ಜಾಗ. ಅಲ್ಲಿ ನನ್ನ ಎದುರಿಗೆ ಕುಳಿತು ಎರಡು ಕೈ ಚಾಚಿದರೆ ಸಾಕು. ಇಷ್ಟು ವರ್ಷ ಸ್ಟೇರಿಂಗ್ ಹಿಡಿದ ಬೆರಳುಗಳು ಬೆಳಿಗ್ಗೆ ಎದ್ದಾಗ ಮಡಚಲು ಬರುವುದಿಲ್ಲ ಎಂದು ಅತ್ತಿಗೆ ಅವ್ವನಿಗೆ ಹೇಳಿದ್ದಾರೆ. ಆ ಕೈಗಳನ್ನು ಇಳಂಗೋಗೆ ಬಿಡಲು ನನಗೆ ಇಷ್ಟವಿಲ್ಲ. ಅವು ನನ್ನವು.

ನಿನ್ನ ದಾರಿಯೆಲ್ಲ ಹಗುರವಾಗಿರಲಿ, ಅಮ್ಮ ಚೌಡೇಶ್ವರಿ ನಿನ್ನ ಬೆನ್ನಿಗಿರಲಿ.

ಭಾನುವಾರ ಕಿಟಕಿಯ ಹತ್ತಿರ ಕಾಯುತ್ತಿರುವ
ನಿನ್ನ ತಂಗಿ,
ಪುಷ್ಪಾ