ವಡಗಾವಿಯಲ್ಲಿ ಬಿಚ್ಚಿದ ಜಾಳಿ

ಖಾಸಬಾಗ, ಬೆಳಗಾವಿ
೧೮ ಮೇ ೨೦೨೪

ನನ್ನ ಮುದ್ದು ಪೂರ್ಣಿಮಾ,

ನಿನಗೂ ಕೂಸಿಗೂ ಅವ್ವನ ತುಂಬು ಹಾರೈಕೆಗಳು. ಮಂಗಳವಾರದಿಂದ ನಿನ್ನ ಫೋನು ಎತ್ತಲಿಲ್ಲ, ಸಿಟ್ಟಾಗಬೇಡ. ಖಾನಾಪುರದ ನಿಮ್ಮ ಮನೆಯಲ್ಲಿ ಫೋನು ಬಂದರೆ ಸ್ಪೀಕರ್ ಹಾಕಿ ಓಣಿಗೆಲ್ಲ ಕೇಳಿಸುತ್ತೀರಿ. ಇದು ನಿನ್ನೊಬ್ಬಳಿಗೇ ಹೇಳುವ ಮಾತು. ಕೂಸಿನ ಜ್ವರ ಇಳಿಯಿತೇ?

ನಿನ್ನ ಮೈದುನ ಗೌರೀಶನ ಕಾಲನ್ನು ನಿನ್ನೆ ಮೊಣಕಾಲಿನ ಕೆಳಗೆ ಕತ್ತರಿಸಿದರು. ರಾತ್ರಿ ಊರಿಗೆ ಮರಳಿದ ನಿನ್ನ ಗಂಡ ಹೇಳಿರಬೇಕು. ಜೀವಕ್ಕೆ ಅಪಾಯವಿಲ್ಲವಂತೆ. ನಿಮ್ಮತ್ತೆ ಶಿವಬಸವ್ವ ಆಸ್ಪತ್ರೆಯ ಗೋಡೆಗೆ ಹಣೆ ಚಚ್ಚಿಕೊಂಡರು. ಹಿಡಿಯಲು ಹೋದರೆ ನನ್ನ ತೋಳನ್ನೇ ಕಚ್ಚಿದರು. ಕಚ್ಚಲಿ. ಅವರ ಜಾಗದಲ್ಲಿದ್ದರೆ ನಾನೂ ಕಚ್ಚುತ್ತಿದ್ದೆ.

ನಡೆದದ್ದು ಹೀಗೆ. ವಡಗಾವಿಯಲ್ಲಿ ಗಜಾನನನ ಮಗ್ಗದ ಶೆಡ್ಡಿಗೆ ಮಳೆಗಾಲದೊಳಗೆ ಹೊಸ ಶೀಟು ಹೊದಿಸುವ ಕೆಲಸ ಹಿಡಿದಿದ್ದೆ. ಹಳೆಯ ಸಿಮೆಂಟ್ ಶೀಟು, ಕಾಲಿಟ್ಟರೆ ಹಪ್ಪಳ. ಸೊಂಟದ ಬೆಲ್ಟಿನ ಹಗ್ಗ ಸಿಕ್ಕಿಸಲು ಗಟ್ಟಿಯಾದ ಒಂದು ತೊಲೆಯೂ ಇಲ್ಲ. ಅದಕ್ಕೇ ಗೌರೀಶ, ನಿಮ್ಮಪ್ಪ, ಆಳುಗಳು, ಗಜಾನನ, ಎಲ್ಲರನ್ನೂ ಮೊದಲೇ ಕೂರಿಸಿ ಹೇಳಿದ್ದೆ: ನಾವು ಹತ್ತಿದ ಸಾಲಿನ ಮಗ್ಗ ನಿಲ್ಲಬೇಕು, ಬಿದ್ದವರನ್ನು ಹಿಡಿಯುವ ಹಗ್ಗದ ಜಾಳಿಯನ್ನು ಕೆಳಗೆ ಬಿಗಿದಿರಬೇಕು, ಜಾಳಿಯಿಲ್ಲದ ಕಡೆ ಯಾರೂ ಹತ್ತಕೂಡದು. ಗಜಾನನನದು ಮೊದಲ ದಿನದಿಂದಲೂ ತಕರಾರು.

"ಏನ್ರೀ ಸಂಗವ್ವ, ನಿಮ್ಮ ಜಾಳಿ ಸಲುವಾಗಿ ಮಗ್ಗ ನಿಂತು ನನ್ನ ನೂಲೆಲ್ಲಾ ಧೂಳ ಆಗೇತಿ. ತಗೀರಿ ಅದನ್ನ, ಇಲ್ಲಾಂದ್ರ ನಾನ ಹರದ ಒಗೀತೀನಿ!"

"ನೀವು ಹರೀರಿ, ನಾ ನಿಮ್ಮ ಕೈ ಮುರೀತೀನಿ," ಎಂದಿದ್ದೆ. ನನ್ನ ಬಾಯಿ ನಿನಗೆ ಗೊತ್ತೇ ಇದೆ.

ಮಂಗಳವಾರ ಶೀಟು ಸೀಳಿದ ಸದ್ದು, ಬೆನ್ನಿಗೇ ಕಬ್ಬಿಣದ ಮೇಲೆ ಮೈ ಅಪ್ಪಳಿಸಿದ ಸದ್ದು. ಒಳಗೆ ಓಡಿದೆ. ಗೌರೀಶ ಮಗ್ಗದ ಮೇಲೆ ಮಗುಚಿ ಬಿದ್ದಿದ್ದ. ಕಾಲಿನ ಎಲುಬು ಚರ್ಮ ಹರಿದು ಹೊರಗೆ ಬಂದಿತ್ತು. ಅರ್ಧ ನೇಯ್ದ ಸೀರೆಯೆಲ್ಲ ರಕ್ತ. ಜಾಳಿ ಮೂಲೆಯಲ್ಲಿ ಸುತ್ತಿ ಬಿದ್ದಿತ್ತು.

"ಅತ್ತೀ, ನನ್ನ ಕಾಲ ಎಲ್ಲೈತಿ?" ಎಂದ.

ಗಜಾನನ ಬಾಗಿಲಲ್ಲಿ ನಿಂತಿದ್ದ. ನನಗೆ ಮತ್ತೇನೂ ಕಾಣಲಿಲ್ಲ. ಕಬ್ಬಿಣದ ಕೊಂಡಿಯಿದ್ದ ಹಗ್ಗ ಕೈಗೆ ಸಿಕ್ಕಿತು, ಬೀಸಿದೆ. ಮೊದಲ ಏಟಿಗೆ ಹುಬ್ಬು ಸೀಳಿತು, ಮತ್ತೊಂದಕ್ಕೆ ಹಲ್ಲು ಉದುರಿದವು. "ನಾ ಮುಟ್ಟಿಲ್ರೀ, ನಮ್ಮವ್ವನ ಆಣಿ, ನಾ ಮುಟ್ಟಿಲ್ಲ!" ಎಂದು ನೆಲದಲ್ಲಿ ಹೊರಳಾಡಿದ. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ, ಮತ್ತೆ ಬೀಸಿದೆ. ಅವನ ಆಳುಗಳು ನಮ್ಮ ಆಳುಗಳ ಮೇಲೆ ಬಿದ್ದರು. ಸ್ಪ್ಯಾನರು, ಶೀಟಿನ ಚೂರು, ಕೈಗೆ ಸಿಕ್ಕಿದ್ದೆಲ್ಲ ಹಾರಿತು. ಯಾರೋ ಎಸೆದ ಮಗ್ಗದ ಲಾಳಿ ಬಡಿದು ನನ್ನ ಹಣೆಗೆ ಹೊಲಿಗೆ ಬಿದ್ದಿದೆ. ಗಜಾನನನ ಒಂದು ಕಣ್ಣು ಉಳಿಯುವುದಿಲ್ಲವಂತೆ.

ಜಾಳಿ ಬಿಚ್ಚಿದವನು ಅವನೇ ಎಂದು ಪೊಲೀಸರಿಗೆ ಬರೆದುಕೊಟ್ಟೆ. ನಿನ್ನೆ ನಿನ್ನ ಗಂಡ ಆಸ್ಪತ್ರೆಯಲ್ಲಿ, "ಆ ಗಜಾನನನ ಎರಡೂ ಕಾಲ ಕಡೀತೀನ್ರೀ ಅತ್ತಿ," ಎಂದರು. ನಾನು ಬೇಡವೆನ್ನಲಿಲ್ಲ. ಒಳಗೊಳಗೆ ಖುಷಿಯೇ ಆಯಿತು.

ಕೂಸಿನ ಕೆನ್ನೆಗೆ ನನ್ನ ಮುತ್ತು. ನಿನ್ನ ಮಡಿಲು ತಣ್ಣಗಿರಲಿ, ಮನೆ ನಗುತಿರಲಿ.

ನಿನ್ನ ಅವ್ವ,
ಸಂಗವ್ವ

ತಾ.ಕ.: ಮೇಲೆ ಬರೆಯಲು ಕೈ ಬರಲಿಲ್ಲ. ಜಾಳಿ ಬಿಚ್ಚಿದ್ದು ನಿಮ್ಮಪ್ಪ.

ಪಕ್ಕದ ಸಾಲಿನ ಮಗ್ಗಗಳ ಸದ್ದು ನಿಂತರೆ ಊಟದ ಹೊತ್ತು ಎಂದು ನಮ್ಮವರು ಇಳಿಯುವುದು ರೂಢಿ. ಸೀಟಿಯಿಲ್ಲ, ಕೂಗಿಲ್ಲ. ಅವತ್ತು ಕರೆಂಟು ಹೋಗಿ ಮಗ್ಗಗಳು ನಿಂತಿದ್ದವು. ಕೈಯಲ್ಲಿದ್ದ ಡ್ರಿಲ್ಲೂ ನಿಂತಿದ್ದರಿಂದ ಇದು ಊಟದ ಹೊತ್ತಲ್ಲ, ಕರೆಂಟು ಹೋದದ್ದು ಎಂದು ಗೌರೀಶನಿಗೆ ತಿಳಿದಿತ್ತು, ಮೇಲೇ ಉಳಿದ. ನಿಮ್ಮಪ್ಪ ಮಾತ್ರ ಎಲ್ಲರೂ ಇಳಿದರೆಂದುಕೊಂಡು, ತಲೆಯೆತ್ತಿಯೂ ನೋಡದೆ, ಮುಂದಿನ ಸಾಲಿಗೆ ಕಟ್ಟಲು ಜಾಳಿ ಬಿಚ್ಚಿದರು. ಇವತ್ತು ಬೆಳಗ್ಗೆ ಬಾಯಿಬಿಟ್ಟರು.

"ನಾ ಅವಗ ಹೊಡಿಯೂ ಮುಂದ ಯಾಕ ಸುಮ್ಮನ ನಿಂತ್ರಿ?" ಎಂದೆ.

"ಹಗ್ಗ ನಿನ್ನ ಕೈಯಾಗಿತ್ತು. ಅಂಜಿದೆ," ಎಂದರು.

ನಾನು ಕಟ್ಟಿಕೊಂಡ ಗಂಡ ನನಗೇ ಅಂಜಿ, ಇನ್ನೊಬ್ಬನ ಕಣ್ಣು ಹೋಗುವುದನ್ನು ನೋಡುತ್ತ ನಿಂತಿದ್ದರು, ಪೂರ್ಣಿಮಾ.

ಈ ಕಾಗದವನ್ನು ಖಾನಾಪುರ ಬಸ್ಸಿನ ಕಂಡಕ್ಟರನ ಕೈಗೆ ಕೊಟ್ಟು, ಬರೆದುಕೊಟ್ಟದ್ದನ್ನು ತಿದ್ದಲು ಸೀದಾ ಠಾಣೆಗೆ ಹೋಗುತ್ತೇನೆ. ನಿನ್ನ ಗಂಡ ಕೊಡಲಿ ಹಿಡಿದು ಹೊರಟರೆ ಬಾಗಿಲಿಗೆ ಅಡ್ಡ ಮಲಗಿಯಾದರೂ ತಡೆ. ಅವರು ಹುಡುಕುವ ಮನುಷ್ಯ ವಡಗಾವಿಯಲ್ಲಿಲ್ಲ, ನಿನ್ನ ತವರಿನಲ್ಲಿದ್ದಾನೆ.