ಬೆಲ್ಲದ ಬಾಗೇವಾಡಿಯಲ್ಲಿ ಎತ್ತಿದ ನಿಶಾನಿ

ದಸ್ತಗೀರ ಕಾಕಾ ಅವರಿಗೆ ನಿಮ್ಮ ಓಣಿಯ ಬಸುವಿನ ಸಲಾಂ.

ನೀವು ತೀರಿಹೋಗಿ ವರ್ಷವಾಗುತ್ತ ಬಂತು. ನೀವಿದ್ದಾಗ ಹದಿನೆಂಟು ವರ್ಷ ಮಾತು ಬಿಟ್ಟವನು ಈಗ ಕಾಗದ ಬರೆಯಲು ಕೂತಿದ್ದಾನೆ ನೋಡಿ. ನಗು ಬಂದರೆ ನಕ್ಕುಬಿಡಿ. ನಿನ್ನೆ ಐತವಾರ ನಮ್ಮ ಗೋಕಾಕದ ಹುಡುಗರ ಜೊತೆ ಬೆಲ್ಲದ ಬಾಗೇವಾಡಿಗೆ ಮ್ಯಾಚು ನೋಡಲು ಹೋಗಿದ್ದೆ. ಹೌದು, ಅದೇ ಮೈದಾನ. ಅಲ್ಲಿ ನಡೆದದ್ದನ್ನು ನಿಮಗಲ್ಲದೆ ಇನ್ನಾರಿಗೆ ಹೇಳಲಿ?

ಟೆಂಪೋ ಹತ್ತುವಾಗಲೇ ನಿಮ್ಮ ನೆನಪಾಯಿತು. ಡ್ರೈವರ್ ಬಾಜೂ ಕಿಟಕಿಯ ಸೀಟು ನಿಮ್ಮದು. ಕೊಣ್ಣೂರ ದಾಟುವುದರೊಳಗೆ ನಿಮಗೆ ಹೊಟ್ಟೆ ತೊಳಸಬೇಕು, ಅದಕ್ಕೇ ಕೈಯಲ್ಲೊಂದು ಲಿಂಬೆಹಣ್ಣು. ಗಾಡಿ ಹತ್ತಿದರೆ ವಾಂತಿ ಬರುವ ಮನುಷ್ಯ ಫುಟ್‌ಬಾಲ್ ನೋಡಲು ಊರೂರು ಯಾಕೆ ತಿರುಗಬೇಕಿತ್ತು? ಕೇಳಿದರೆ, "ಪರ ಊರಾಗ ಆಡೂ ಮುಂದ ನಮ್ಮವರಂತ ಕೂಗಾಕ ನಾಕ್ ಮಂದಿ ಬ್ಯಾಡೇನೋ?" ಎನ್ನುತ್ತಿದ್ದಿರಿ. ಟೇಲರ್ ಅಂಗಡಿಯ ಬಾಗಿಲು ಹಾಕಿ, ಅಸ್ತರಿನ ತುಂಡಿನಲ್ಲಿ ನೀವೇ ಹೊಲಿದ ಕೆಂಪು ಬಾವುಟವನ್ನು, ಅದೇ ನಮ್ಮ ನಿಶಾನಿಯನ್ನು, ಚೀಲದಲ್ಲಿ ಸುತ್ತಿಕೊಂಡು ಬರುತ್ತಿದ್ದಿರಿ. ನನಗೆ ಚೆಂಡು ಒದೆಯಲು ಕಲಿಸಿದವರೂ ನೀವೇ, ಅಂಗಿಯ ಬೆನ್ನಿಗೆ ಒಂಬತ್ತು ನಂಬರು ಹೊಲಿದು ಕೊಟ್ಟವರೂ ನೀವೇ.

ನಮ್ಮ ಕಡೆಯ ಪದ್ಧತಿಯನ್ನು ನಿಮಗೆ ಹೇಳಬೇಕೇ? ಆದರೂ ಬರೆಯುತ್ತೇನೆ, ಬರೆದರೆ ಮುಂದಿನದಕ್ಕೆ ಸ್ವಲ್ಪ ಧೈರ್ಯ ಬರುತ್ತದೆ. ರೆಫ್ರಿ ಒಬ್ಬನೇ. ಗೆರೆಯ ಮೇಲೆ ನಿಶಾನಿ ಹಿಡಿಯಲು ಆ ಊರಿನವರೊಬ್ಬರು, ಬಂದ ಊರಿನವರೊಬ್ಬರು. ಪ್ರತಿಯೊಬ್ಬರೂ ತಮ್ಮ ತಂಡ ಗೋಲು ಹೊಡೆಯುವ ಕಡೆಗೇ ನಿಲ್ಲಬೇಕು. ತಮ್ಮವನು ಎದುರಾಳಿಗಳನ್ನು ದಾಟಿ ಮೊದಲೇ ಮುಂದೆ ಹೋಗಿ ಚೆಂಡಿಗೆ ಕಾಯುತ್ತಿದ್ದರೆ, ಅದು ಆಫ್‌ಸೈಡ್, ಗೋಲು ಲೆಕ್ಕಕ್ಕಿಲ್ಲ ಎಂದು ತಾವೇ ನಿಶಾನಿ ಎತ್ತಬೇಕು. ಪರ ಊರವರು ಎತ್ತಿದರೆ ಹೊಡೆದಾಟ, ನಮ್ಮವರೇ ಎತ್ತಿದರೆ ಮಾತಿಲ್ಲ ಎಂಬ ವಿಚಾರ. ವಿಚಾರವೇನೋ ಚಂದ, ಆದರೆ ಎತ್ತುವವರು ಯಾರು? ಸರಿಯಾಗಿ ಅದೇ ಹೊತ್ತಿಗೆ ಒಬ್ಬರು ಬೀಡಿ ಹಚ್ಚುತ್ತಿದ್ದರು, ಇನ್ನೊಬ್ಬರು ಚಪ್ಪಲಿಯ ಮುಳ್ಳು ತೆಗೆಯುತ್ತಿದ್ದರು.

ಆವತ್ತು ಬೆಲ್ಲದ ಬಾಗೇವಾಡಿಯಲ್ಲಿ ನೀವು ಎತ್ತಿದಿರಿ. ಎರಡೂ ತಂಡ ಒಂದೊಂದು ಗೋಲು, ಐದು ನಿಮಿಷ ಉಳಿದಿತ್ತು. ನಾನು ಗೋಲು ಹೊಡೆದು ಅಂಗಿ ಕಳಚಿ ತಿರುಗಿಸುತ್ತ ಓಡುತ್ತಿದ್ದೆ. ಹೊರಳಿ ನೋಡಿದರೆ ನಿಮ್ಮ ಕೈ ಮೇಲೆ.

"ಒಂದ್ ಹೆಜ್ಜಿ ಮುಂದ ಇದ್ದೆಲ್ಲೋ ಬಸು."

"ಒಂದ್ ಹೆಜ್ಜಿಗೆ ಏನಾಗತೈತ್ರಿ?"

"ಅಳತಿ ಅಂದ್ರ ಅಳತಿ ತಮ್ಮಾ. ತೋಳು ಗಿಡ್ಡ ಕತ್ತರಿಸಿದ್ರ ಅಂಗಿ ಆಗತೈತೇನು?"

ಸೋತೆವು. ಟೆಂಪೋ ಹತ್ತುವಾಗ ಎಲ್ಲರೆದುರು ನಾನು ಅಂದದ್ದು ಇನ್ನೂ ನನ್ನ ಕಿವಿಯಲ್ಲಿದೆ. "ನಾ ಎಲ್ಲೂ ಮುಂದ ಇರ್ಲಿಲ್ಲ. ನಿಮ್ಮ ಕಣ್ಣು ಹೋಗ್ಯಾವು. ಇನ್ನ ಮ್ಯಾಲ ನಮ್ಮ ಟೆಂಪೋ ಹತ್ತಬ್ಯಾಡ್ರಿ." ನೀವು ಲಿಂಬೆಹಣ್ಣನ್ನು ಜೇಬಿಗೆ ಹಾಕಿಕೊಂಡು ಬಸ್ ಸ್ಟಾಪಿನ ಕಡೆ ನಡೆದಿರಿ. ಯಾರೂ ಕರೆಯಲಿಲ್ಲ.

ಮುಂದಿನ ಮ್ಯಾಚು ಮೂಡಲಗಿಯಲ್ಲಿ. ನಾವು ಹೋಗಿ ಇಳಿಯುವಷ್ಟರಲ್ಲಿ ಆಚೆ ಬದಿಯ ಬೇವಿನ ಗಿಡದ ಕೆಳಗೆ ನೀವು ನಿಂತಿದ್ದಿರಿ, ಒಬ್ಬರೇ. ಬೆಳಗಿನ ಬಸ್ಸಿಗೇ ಬಂದಿದ್ದಿರಂತೆ. ಬಸ್ಸಿನಲ್ಲೂ ಹೊಟ್ಟೆ ತೊಳಸಿರಬೇಕಲ್ಲ? ನಮ್ಮವರಿಗೆ ಚೆಂಡು ಸಿಕ್ಕಾಗಲೆಲ್ಲ ಆ ಕಡೆಯಿಂದ ಒಂದೇ ಒಂದು ದನಿ, "ಹೊಡಿಯೋ! ಹೊಡಿ!" ಕರೆಯಬೇಕಿತ್ತು ಕಾಕಾ. ಹಾಳು ನಾಲಿಗೆ ಏಳಲಿಲ್ಲ. ಆಮೇಲೆ ಹುಕ್ಕೇರಿಯಲ್ಲೂ ಹಾಗೇ, ಎಲ್ಲ ಊರಲ್ಲೂ ಹಾಗೇ. ನಾವೆಲ್ಲ ಒಂದು ಬದಿ, ನೀವೊಬ್ಬರೇ ಒಂದು ಬದಿ. ನಾನು ಆಟ ಬಿಡುವ ತನಕ ಪ್ರತಿ ವರ್ಷವೂ ನನ್ನ ಒಂಬತ್ತು ನಿಮ್ಮ ಮಷೀನಿನಲ್ಲೇ ಹೊಲಿದು ಬರುತ್ತಿತ್ತು, ಬೇರೆಯವರ ಕೈಯಲ್ಲಿ. ಒಮ್ಮೆಯೂ ದಾರ ಬಿಚ್ಚಲಿಲ್ಲ. ನಿಮ್ಮ ಮಣ್ಣಿಗೆ ಬಂದಿದ್ದೆ, ಮೂರು ಹಿಡಿ ಮಣ್ಣು ಹಾಕಿದೆ. ಆಗಲಾದರೂ ತಪ್ಪಾಯಿತು ಎನ್ನೋಣವೆಂದು... ಅಷ್ಟು ಮಂದಿಯ ನಡುವೆ ಕೈಯ ಮಣ್ಣು ಕೊಡವಿಕೊಂಡು ಬಂದುಬಿಟ್ಟೆ.

ನಿನ್ನೆ ನೋಡಿದರೆ ಆ ಮೈದಾನ ಇದ್ದ ಹಾಗೇ ಇದೆ. ಸಾಲೆಯ ಹಿಂದೆ ಎಡಕ್ಕೆ ವಾಲಿದ ಅದೇ ಗೋಲ್ ಕಂಬ. ಕಬ್ಬಿನ ಟ್ರ್ಯಾಲಿಗಳನ್ನು ರಸ್ತೆಯ ಮೇಲೆ ನಿಲ್ಲಿಸಿ, ಡ್ರೈವರುಗಳು ಹೇರಿನ ಮೇಲೆ ಕೂತು ನಮ್ಮವರನ್ನು ಚೇಷ್ಟೆ ಮಾಡುವುದೂ ಹಾಗೇ. ನನಗೀಗ ಹೊಟ್ಟೆ ಬಂದಿದೆ, ಕೂಗುವುದಷ್ಟೇ ನನ್ನ ಕೆಲಸ. ಒಂಬತ್ತು ನಂಬರಿನ ಅಂಗಿ ಈಗ ನಿಮ್ಮ ಮೊಮ್ಮಗ ಇಮ್ರಾನನ ಮೈಮೇಲಿದೆ. ಆಟ ಶುರುವಾಗುವ ಮುಂಚೆ ಅವನು ಚೀಲದಿಂದ ಕೆಂಪು ಬಟ್ಟೆ ತೆಗೆದ.

"ಮಾಮಾ, ಅಜ್ಜಾರ ನಿಶಾನಿ ತಂದೇನ್ರಿ. ನೀವ ಹಿಡೀರಿ."

"ಬ್ಯಾಡಪಾ, ಬ್ಯಾರೇದವರಿಗೆ ಕೊಡು."

"ಬ್ಯಾರೇದವ್ರು ಎತ್ತೂದಿಲ್ರಿ" ಎಂದು ನನ್ನ ಕೈಯಲ್ಲಿಟ್ಟು ಓಡಿಬಿಟ್ಟ. ನಾನು ಎತ್ತುತ್ತೇನೆ ಎಂದು ಅವನಿಗೆ ಯಾರು ಹೇಳಿದ್ದರು? ನೀವೇನಾ?

ಮ್ಯಾಚು ಮುಗಿಯುತ್ತ ಬಂದಿತ್ತು, ಇನ್ನೂ ಯಾರದೂ ಗೋಲಾಗಿರಲಿಲ್ಲ. ನಮ್ಮವನೊಬ್ಬ ಹಿಂದಿನಿಂದ ಇಮ್ರಾನನಿಗೆ ಚೆಂಡು ಕೊಟ್ಟ. ಕೊಡುವ ಮೊದಲೇ ಇಮ್ರಾನ್ ಒಂದು ಹೆಜ್ಜೆ ಮುಂದಿದ್ದ. ನಾನು ಕಣ್ಣಾರೆ ಕಂಡೆ. ಗೋಲು! ನಮ್ಮವರು ಕೇಕೆ ಹಾಕಿ ಕುಣಿಯತೊಡಗಿದರು. ಸುಮ್ಮನಿದ್ದುಬಿಟ್ಟರೆ ಮುಗಿಯಿತು, ಯಾರು ಕೇಳುತ್ತಾರೆ? ನಿಮ್ಮ ಕೈ ಆವತ್ತು ಅದು ಹೇಗೆ ಎದ್ದಿತು ಕಾಕಾ? ನಾನೂ ನಿಶಾನಿ ಎತ್ತಿದೆ. "ಬಸಣ್ಣಾ, ಯಾರ ಕಡಿ ಅದೀಯೋ ನೀ?" ಎಂದವರೇ ಎಲ್ಲರಿಗಿಂತ ಮರ್ಯಾದಸ್ಥರು, ಉಳಿದವರು ಅಂದದ್ದನ್ನು ಬರೆಯಲಾರೆ. ಕೊನೆಗೆ ಪೆನಾಲ್ಟಿಯಲ್ಲಿ ಸೋತೆವು.

ನಿಶಾನಿ ಸುತ್ತಿಕೊಂಡು ನಾನಾಗಿಯೇ ಬಸ್ ಸ್ಟಾಪಿನ ಕಡೆ ನಡೆದೆ. ನನಗೂ ಅದೇ ಆಗಬೇಕು ಅನ್ನಿಸಿತ್ತು. ಹಿಂದಿನಿಂದ ಇಮ್ರಾನ್ ಓಡಿ ಬಂದ. ನನ್ನ ಕೊರಳಪಟ್ಟಿ ಹಿಡಿಯುತ್ತಾನೆ ಅಂದುಕೊಂಡೆ, ನಾನಾಗಿದ್ದರೆ ಹಿಡಿಯುತ್ತಿದ್ದೆ.

"ಎಲ್ಲಿ ಹೊಂಟ್ರಿ ಮಾಮಾ? ನಾ ಮುಂದ ಇದ್ದೆ, ಖರೆ ಐತ್ರಿ."

ಟೆಂಪೋದವರ ಕಡೆ ತಿರುಗಿ, ಎಲ್ಲರಿಗೂ ಕೇಳುವ ಹಾಗೆ ಇನ್ನೊಮ್ಮೆ ಕೂಗಿದ. "ಏ, ನಾ ಮುಂದ ಇದ್ದೆ! ಅವರಿಗೇನೂ ಅನಬ್ಯಾಡ್ರಿ!" ನನ್ನ ರಟ್ಟೆ ಹಿಡಿದು ಎಳೆದುಕೊಂಡು ಹೋಗಿ ನಿಮ್ಮ ಸೀಟಿನಲ್ಲಿ ಕೂಡಿಸಿದ. ಇಷ್ಟು ವರ್ಷ ನಾನು ಆಡಲಾರದೆ ಉಳಿಸಿಕೊಂಡಿದ್ದ ಮಾತನ್ನು ಆ ಹುಡುಗ ಬೆವರು ಆರುವ ಮೊದಲೇ ಆಡಿ ಮುಗಿಸಿದ್ದ.

ಕೊಣ್ಣೂರ ಬಂದಾಗ ನಾನೂ ಬಾಯಿ ಬಿಟ್ಟೆ. ಆವತ್ತಿನವರು ಮೂವರು ಟೆಂಪೋದಲ್ಲಿದ್ದರು. "ಆವತ್ತ ನಾನೂ ಮುಂದ ಇದ್ದೆ. ಗೊತ್ತಿತ್ತು ನನಗ" ಅಂದೆ. ಕಿಟಕಿಯ ಕಡೆ ಮುಖ ಮಾಡಿ ಅತ್ತುಬಿಟ್ಟೆ, ಇಷ್ಟು ದೊಡ್ಡವನು. ನಿಮ್ಮ ಕಣ್ಣು ಹೋಗಿರಲಿಲ್ಲ ಕಾಕಾ. ಅಂಗಿ ಕಳಚಿ ಓಡುವಾಗಲೇ ನನಗೆ ಗೊತ್ತಿತ್ತು. ತಪ್ಪಾಯಿತು.

ಬರುವ ಐತವಾರ ಮತ್ತೆ ಮೂಡಲಗಿಗೆ ಹೊರಟಿದ್ದೇವೆ. ಕಿಟಕಿಯ ಸೀಟಿನಲ್ಲಿ ಯಾರನ್ನೂ ಕೂಡಿಸುವುದಿಲ್ಲ. ನಿಮ್ಮ ನಿಶಾನಿ ಇಡುತ್ತೇನೆ, ಪಕ್ಕಕ್ಕೆ ಒಂದು ಲಿಂಬೆಹಣ್ಣು. ಬಸ್ಸಿಗೆ ಬರಬೇಡಿ, ಆ ಬೇವಿನ ಗಿಡದ ಕೆಳಗೆ ಒಬ್ಬರೇ ನಿಲ್ಲಬೇಡಿ.

ಟೆಂಪೋ ಹತ್ರಿ, ಕಾಕಾ.

ನಿಮ್ಮ
ಬಸು